ಒಂದು ಡಯೋಡಿನಲ್ಲಿ ಕೇಯಾಸ್ ನೋಡುವುದು ಹೇಗೆ

ಕೇಯಾಸ್, ಅಂದರೆ ನಿಯಮದಂತೆಯೇ ನಡೆದರೂ ಮುಂದೇನು ಅಂತ ಊಹಿಸಲಾಗದ ಏರಿಳಿತ, ಕಂಪ್ಯೂಟರಿನಲ್ಲಿ ಮಾತ್ರ ಕಾಣುವ ಚಿತ್ರ ಅಂತ ನಮ್ಮ ಬಿ.ಎಸ್ಸಿ. ಹುಡುಗರು ಅಂದುಕೊಂಡಿರುತ್ತಾರೆ. ನಾನು ಮಾತಾಡುವುದಿಲ್ಲ. ಲ್ಯಾಬಿಗೆ ಕರೆದು ಮೂರು ಸಾಮಾನು ಕೈಗಿಡುತ್ತೇನೆ: 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡಬೇಕಾದದ್ದು), 10 ಮಿಲಿಹೆನ್ರಿ ಇಂಡಕ್ಟರ್ (ತಂತಿಯ ಸುರುಳಿ), 100 ಓಮ್ ರೆಸಿಸ್ಟರ್.

ಒಳ್ಳೆಯದಿರಲಿ ಅಂತ ವೇಗದ 1ಎನ್4148 ಹಾಕಬೇಡಿ. ಅದು ಸುಮಾರು 4 ನ್ಯಾನೊಸೆಕೆಂಡಿನಲ್ಲೇ ಆಫ್ ಆಗುತ್ತದೆ. ನಮಗೆ ಬೇಕಾದದ್ದು ಸೋಮಾರಿ ಡಯೋಡ್. 4007ರಲ್ಲಿ ಕರೆಂಟ್ ಹರಿದ ಮೇಲೂ ಒಳಗೆ ಚಾರ್ಜ್ ಉಳಿದಿರುತ್ತದೆ. ಅದು ಖಾಲಿಯಾಗುವವರೆಗೆ ಹಿಂದಕ್ಕೂ ಕರೆಂಟ್ ಬಿಡುತ್ತದೆ. ಈ ಸುತ್ತಿನಲ್ಲಿ ಜಾಸ್ತಿ ಹರಿದರೆ ಮುಂದಿನ ಸುತ್ತಿಗೆ ಬಾಕಿ ಜಾಸ್ತಿ. ಹಳೇ ಸಾಲ ತೀರಿಸದೆ ಹೊಸ ಸಾಲ ಮಾಡಿದ ಹಾಗೆ. ಆಟವೆಲ್ಲ ಈ ಬಾಕಿಯದೇ. 1981ರಲ್ಲಿ ಪಾಲ್ ಲಿನ್ಸೆ ಪ್ರಕಟಿಸಿದ್ದು ಇಂಥದ್ದೇ ಸರ್ಕ್ಯೂಟ್. ಅವರು ಬಳಸಿದ್ದು ವ್ಯಾರಾಕ್ಟರ್ ಡಯೋಡ್, ಅಂದರೆ ವೋಲ್ಟೇಜ್‌ಗೆ ತಕ್ಕಂತೆ ಕೆಪಾಸಿಟೆನ್ಸ್ ಬದಲಾಗುವ ಡಯೋಡ್.

ಇಂಡಕ್ಟರಿನ ಬಣ್ಣದ ಪಟ್ಟಿ ನೋಡಿಯೇ ತನ್ನಿ. ಲೆಕ್ಕ ಮೈಕ್ರೊಹೆನ್ರಿಯಲ್ಲಿ: ಕಂದು, ಕಪ್ಪು, ಕಿತ್ತಳೆ ಇದ್ದರೆ 10 ಮಿಲಿಹೆನ್ರಿ. ಒಮ್ಮೆ ಅಂಗಡಿಯವರು ಕಂದು, ಕಪ್ಪು, ಕಪ್ಪು ಕೊಟ್ಟರು, ನಾನೂ ನೋಡದೆ ತಂದೆ. ಅದು ಬರೀ 10 ಮೈಕ್ರೊಹೆನ್ರಿ. ರೆಸೊನೆನ್ಸ್, ಅಂದರೆ ಸರ್ಕ್ಯೂಟ್ ಅತಿ ಜೋರಾಗಿ ಸ್ಪಂದಿಸುವ ಫ್ರೀಕ್ವೆನ್ಸಿ, ಮೂವತ್ತು ಪಟ್ಟು ಮೇಲಕ್ಕೆ ಹೋಗಿ ಅಲೆ ಹುಟ್ಟಿಸುವ ನನ್ನ ಫಂಕ್ಷನ್ ಜನರೇಟರಿಗೆ ಎಟುಕಲೇ ಇಲ್ಲ. ಎರಡು ಸಂಜೆ ಹಾಳು.

ಜೋಡಿಸುವುದು ಸುಲಭ. ಫಂಕ್ಷನ್ ಜನರೇಟರ್, ಇಂಡಕ್ಟರ್, ಡಯೋಡ್, ರೆಸಿಸ್ಟರ್, ಗ್ರೌಂಡ್, ಇದೇ ಕ್ರಮದಲ್ಲಿ ಒಂದರ ಹಿಂದೆ ಒಂದು. ರೆಸಿಸ್ಟರ್ ಕೊನೆಗೇ ಇರಲಿ. ಜನರೇಟರ್ ಮತ್ತು ಅಲೆಯನ್ನು ಪರದೆಯಲ್ಲಿ ತೋರಿಸುವ ಸಿಆರ್‌ಓ ಎರಡರ ಗ್ರೌಂಡೂ ಒಂದೇ ಅಲ್ವಾ, ನಡುವೆ ಪ್ರೋಬ್ ಕ್ಲಿಪ್ ಹಾಕಿದರೆ ಅರ್ಧ ಸರ್ಕ್ಯೂಟ್ ಶಾರ್ಟ್ ಆಗುತ್ತದೆ.

ಮೊದಲು ಸೈನ್ ಅಲೆ ತುಂಬಾ ಸಣ್ಣದಿರಲಿ. ಫ್ರೀಕ್ವೆನ್ಸಿ ತಿರುಗಿಸುತ್ತಾ ರೆಸಿಸ್ಟರಿನ ವೋಲ್ಟೇಜ್ ಎಲ್ಲಿ ಅತಿ ಹೆಚ್ಚಾಗುತ್ತದೆ ನೋಡಿ. ನೂರಾರು ಕಿಲೊಹರ್ಟ್ಸ್‌ನಲ್ಲಿ ಎಲ್ಲೋ ಸಿಗುತ್ತದೆ. ಬ್ರೆಡ್‌ಬೋರ್ಡ್ ಬದಲಾದರೂ ಜಾಗ ಬದಲಾಗುತ್ತದೆ. ಅಲ್ಲೇ ನಿಲ್ಲಿಸಿ. ಸಿಆರ್‌ಓ ಚಿತ್ರವನ್ನು ನಿಲ್ಲಿಸಿಡುವ ಟ್ರಿಗರ್ ಮಾತ್ರ ಜನರೇಟರಿನಿಂದಲೇ ಕೊಡಿ.

ಇನ್ನು ಅಲೆಯನ್ನು ದೊಡ್ಡದು ಮಾಡುವ ಆಂಪ್ಲಿಟ್ಯೂಡ್ ನಾಬ್. ನಿಧಾನ, ತೀರಾ ನಿಧಾನ. ಒಂದೇ ಎತ್ತರದಲ್ಲಿದ್ದ ಶಿಖರಗಳು ಥಟ್ಟನೆ ದೊಡ್ಡದು-ಚಿಕ್ಕದು, ದೊಡ್ಡದು-ಚಿಕ್ಕದು ಆಗುತ್ತವೆ. ಆ ವೋಲ್ಟೇಜ್ ಬರೆದುಕೊಳ್ಳಿ. ಮುಂದೆ ನಾಲ್ಕು ಎತ್ತರ. ಕೈ ನಡುಗದಿದ್ದರೆ ಎಂಟೂ ಕಾಣುತ್ತದೆ. ಆ ವೋಲ್ಟೇಜ್‌ಗಳನ್ನೂ ಬರೆದುಕೊಳ್ಳಿ. ಆಮೇಲೆ ಗೆರೆಗಳೆಲ್ಲ ಕಲಸಿಹೋಗುತ್ತವೆ. ಅದೇ ಕೇಯಾಸ್. ಹುಡುಗರು ಕೂಡಲೇ "ಸರ್, ವೈರ್ ಲೂಸ್ ಇರಬೇಕು" ಅನ್ನುತ್ತಾರೆ. ನಾಬ್ ಸ್ವಲ್ಪ ಹಿಂದಕ್ಕೆ ತಿರುಗಿಸಿ ಅಂತೇನೆ. ನಾಲ್ಕು ಶಿಖರ ಅಚ್ಚುಕಟ್ಟಾಗಿ ವಾಪಸ್ ಬರುತ್ತವೆ. ಲೂಸ್ ವೈರ್ ಹಾಗೆ ಮಾತು ಕೇಳುವುದಿಲ್ಲ. ಇನ್ನೂ ಮುಂದಕ್ಕೆ ತಿರುಗಿಸಿದರೆ ಕಲಸಿದ್ದರ ನಡುವೆಯೇ ಮೂರು ಎತ್ತರದ ಶುದ್ಧ ಅಲೆ ಸಿಗುವುದುಂಟು, ನನಗೆ ಅದೇ ಇಷ್ಟ.

ಬರೆದುಕೊಂಡ ವೋಲ್ಟೇಜ್‌ಗಳಿಂದ ಒಂದು ಲೆಕ್ಕ ಮಾಡಿ: ಒಂದರಿಂದ ಎರಡಾದದ್ದಕ್ಕೂ ಎರಡರಿಂದ ನಾಲ್ಕಾದದ್ದಕ್ಕೂ ಇರುವ ಅಂತರವನ್ನು ಅದರ ಮುಂದಿನ ಅಂತರದಿಂದ ಭಾಗಿಸಿ. ಕವಲು (ಎತ್ತರಗಳು ಹೀಗೆ ಇಮ್ಮಡಿಯಾಗುವ ಹಂತ) ಹೆಚ್ಚಿದಂತೆ ಇದು ಇಂಥ ಇಮ್ಮಡಿಗಳಲ್ಲಿ ಕಾಣುವ ಫೈಗೆನ್‌ಬಾಮ್ ಸಂಖ್ಯೆಯ, ಅಂದರೆ 4.669ರ, ಹತ್ತಿರ ಹೋಗಬೇಕು. ಮೊದಲ ಕವಲುಗಳಲ್ಲಿ ಅಷ್ಟು ಕರಾರುವಾಕ್ಕಾಗಿ ಬರುವುದಿಲ್ಲ. ನನಗೆ 4.1 ಬಂದಿತ್ತು. ಯಾರಾದರೂ ಸರಿಯಾಗಿ 4.669 ಬರೆದು ತಂದರೆ, ಇನ್ನೊಂದು ಸಲ ಮಾಡಿ ತೋರಿಸಪ್ಪ ಅಂತೇನೆ.