ಪರಾಠ ಒಡೆಯದಿರಲು ಹೂರಣದ ಹದ: ನನ್ನ ಅನುಭವ

ಆಲೂ ಪರಾಠ ಲಟ್ಟಿಸುವಾಗ ಹೂರಣ ಹೊರಗೆ ಬಂತೆಂದರೆ ಎಲ್ಲರೂ ಬೈದುಕೊಳ್ಳುವುದು ತಮ್ಮ ಕೈಯನ್ನು. 'ನಂಗೆ ಲಟ್ಟಿಸೂಕೆ ಬರೂದಿಲ್ಲ' ಎಂದು ಒಂದೆರಡು ಸಲಕ್ಕೇ ಕೈಬಿಟ್ಟವರು ನಮ್ಮ ಬಿಲ್ಡಿಂಗಿನಲ್ಲೇ ಇದ್ದಾರೆ. ಪಾಪ, ಅವರ ಕೈ ಸರಿಯಾಗಿಯೇ ಇದೆ, ಚಪಾತಿ ದುಂಡಗೆ ಬರುತ್ತದೆ. ಹೂರಣ ಸರಿಯಿರುವುದಿಲ್ಲ, ಅಷ್ಟೇ. ಅದರಲ್ಲಿ ನೀರು ಉಳಿದಿರುತ್ತದೆ, ಇಲ್ಲ ಗಂಟು ಉಳಿದಿರುತ್ತದೆ, ಅದೂ ಇಲ್ಲದಿದ್ದರೆ ಬಿಸಿ ಆರುವ ಮೊದಲೇ ತುಂಬಿರುತ್ತಾರೆ.

ನಾನು ಶಿರಸಿ ಸೀಮೆಯವಳು, ಮದುವೆಯಾಗಿ ಕಾರವಾರಕ್ಕೆ ಬಂದವಳು. ನಮ್ಮ ತವರಿನಲ್ಲಿ ಆಸರಿ (ಬೆಳಗಿನ ತಿಂಡಿ) ಅಂದರೆ ತೆಳ್ಳೇವು, ದೋಸೆ, ಅವಲಕ್ಕಿ, ಎಲ್ಲ ಅಕ್ಕಿಯದ್ದೇ. ಕಣಕದೊಳಗೆ ಹೂರಣ ತುಂಬುವುದು ಹೋಳಿಗೆಗೆ ಮಾತ್ರ, ಅದೂ ಹಬ್ಬ, ಮದುವೆ, ತಿಥಿಯ ಅಡುಗೆಯಲ್ಲಿ. ಕಾರವಾರದ ಕತೆ ಬೇರೆ. ಅರ್ಗಾದಲ್ಲಿ ಕದಂಬ ನೌಕಾನೆಲೆ 2005ರಲ್ಲಿ ಆರಂಭವಾಯಿತು, ಅತ್ತ ಮಲ್ಲಾಪುರದಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರದವರ ಟೌನ್‌ಶಿಪ್ ಅದಕ್ಕೂ ಮೊದಲಿನಿಂದ ಇದೆ. ಹೀಗಾಗಿ ಪಂಜಾಬ್, ಹರಿಯಾಣ, ಬಿಹಾರದ ಸಂಸಾರಗಳು ನಮಗೆ ಅಕ್ಕಪಕ್ಕದವರೇ. ನಮ್ಮ ಮೇಲಿನ ಮನೆಯಲ್ಲಿ ಕೆಲವು ವರ್ಷ ಹರಿಯಾಣದ ಭಾಭಿ ಒಬ್ಬರಿದ್ದರು. ಪರಾಠದ ಹದ ನನಗೆ ಗೊತ್ತಾದದ್ದು ಅವರ ಪಕ್ಕದಲ್ಲಿ ನಿಂತು ನೋಡಿಯೇ. ಅವರಿಗೆ ಅಳತೆ ಎಂಬುದೇ ಇರಲಿಲ್ಲ, ಎಲ್ಲ ಕೈಯಂದಾಜು. ಕೆಳಗಿನ ಅಳತೆಯೆಲ್ಲ ಆಮೇಲೆ ನಾನು ತಕ್ಕಡಿ ಇಟ್ಟುಕೊಂಡು ಕೂಡಿಸಿದ್ದು.

ಎಂಟು ಪರಾಠಕ್ಕೆ 300 ಗ್ರಾಂ ಗೋಧಿಹಿಟ್ಟು, ಅರ್ಧ ಕಿಲೋ ಬಟಾಟೆ. ಹಿಟ್ಟಿಗೆ ಅರ್ಧ ಚಮಚ ಉಪ್ಪು, ಒಂದು ಚಮಚ ಎಣ್ಣೆ ಹಾಕಿ ಮೊದಲು ಒಣಗಲೇ ತಿಕ್ಕುತ್ತೇನೆ. ನೀರು ಸುಮಾರು 190 ಮಿಲಿಲೀಟರ್ ಹಿಡಿಯುತ್ತದೆ, ಆದರೆ ಒಮ್ಮೆಲೇ ಸುರಿಯುವುದಿಲ್ಲ. ಮೃಗಶಿರಾ ಮಳೆ ಹಿಡಿದ ಮೇಲೆ ನಮ್ಮ ಕರಾವಳಿಯಲ್ಲಿ ಉಪ್ಪು ನೀರಾಗುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ಡಬ್ಬಿಯಲ್ಲಿದ್ದ ಗೋಧಿಹಿಟ್ಟೂ ಗಾಳಿಯ ಪಸೆ ಕುಡಿದಿರುತ್ತದೆ. ಆಗ ಎರಡು ಮೂರು ಚಮಚ ನೀರು ಕಡಿಮೆಯೇ ಸಾಕು. ಕಣಕ ಚಪಾತಿಗಿಂತ ಒಂದು ಚೂರು ಮೆತ್ತಗಿರಬೇಕು, ಒತ್ತಿ ನೋಡಿದರೆ ಕಿವಿಯ ಹಾಲೆಯಂತೆ. ಚೆನ್ನಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಬೇಕು. ನಾದಿದ ಕೂಡಲೇ ಲಟ್ಟಿಸಲು ಹೋದರೆ ಹಿಟ್ಟಿನ ಅಂಟು ಬಿಗಿಯಾಗಿದ್ದು ಹಿಂದಕ್ಕೆ ಎಳೆಯುತ್ತದೆ. ಎಳೆಯುವ ಕಣಕವನ್ನು ಒತ್ತಿ ಹಿಗ್ಗಿಸಹೊರಟರೆ ಹರಿಯದೆ ಇನ್ನೇನಾಗುತ್ತದೆ?

ಹೋಳಿಗೆ ಮಾಡಿ ರೂಢಿಯಿದ್ದವರು ಇಲ್ಲೊಂದು ಕಡೆ ಎಚ್ಚರ ಇರಬೇಕು. ಹೋಳಿಗೆಯ ಕಣಕವನ್ನು ನಾವು ಮೈದಾದಲ್ಲೋ ಚಿರೋಟಿ ರವೆಯಲ್ಲೋ ಕಲಸಿ, ಎಣ್ಣೆಯಲ್ಲಿ ಮುಳುಗಿಸಿ, ಎಳೆದರೆ ಬಳುಕುವಷ್ಟು ಸಡಿಲ ಮಾಡುತ್ತೇವೆ. ಗೋಧಿಹಿಟ್ಟನ್ನು ಅಷ್ಟು ಸಡಿಲ ಮಾಡಿದರೆ ಕೆಲಸ ಕೆಟ್ಟಿತು. ಅದರಲ್ಲಿ ತೌಡು ಇರುವುದರಿಂದ ಮೈದಾದಷ್ಟು ಹಿಗ್ಗುವುದಿಲ್ಲ. ಹೂರಣದ ವಿಷಯದಲ್ಲಿ ಮಾತ್ರ ಹೋಳಿಗೆಯ ಪಾಠ ಇಲ್ಲಿಗೂ ನೂರಕ್ಕೆ ನೂರು ಸರಿ. ಬೇಳೆ ಬೇಯಿಸಿ, ಕಟ್ಟು ಬಸಿದು, ಬೆಲ್ಲ ಹಾಕಿ ಗಟ್ಟಿಯಾಗುವವರೆಗೆ ಕಾಸಿ, ನುಣ್ಣಗೆ ರುಬ್ಬುತ್ತೇವಲ್ಲ, ಏಕೆ? ಒಂದು ಬೇಳೆ ಇಡಿಯಾಗಿ ಉಳಿದರೂ ಕಣಕ ಅಲ್ಲೇ ತೂತು ಬೀಳುತ್ತದೆ. ಬಟಾಟೆಯೂ ಹಾಗೆಯೇ.

ಬಟಾಟೆಯನ್ನು ಹೆಚ್ಚಿ ಬೇಯಿಸಬಾರದು. ಸಿಪ್ಪೆ ಸಮೇತ ಇಡಿಯಾಗಿ, ಅದೂ ನೀರಲ್ಲಿ ಮುಳುಗಿಸದೆ, ಕುಕ್ಕರಿನ ತಳಕ್ಕೆ ನೀರು ಹಾಕಿ ಮೇಲೆ ತಟ್ಟೆಯಲ್ಲಿಟ್ಟು ಹಬೆಯಲ್ಲಿ ಬೇಯಿಸುತ್ತೇನೆ. ಹೆಚ್ಚಿ ಬೇಯಿಸಿದರೆ ಕುಡಿದ ನೀರನ್ನು ಆಮೇಲೆ ಹಿಂಡಿ ತೆಗೆಯಲು ಆಗುವುದಿಲ್ಲ. ಮಧ್ಯಮ ಗಾತ್ರದ್ದಕ್ಕೆ ಮೂರು ಸೀಟಿ ಸಾಕು, ಸಿಪ್ಪೆ ಒಡೆದು ಹೂ ಬಿಟ್ಟರೆ ಜಾಸ್ತಿ ಬೆಂದಿತೆಂದೇ ಲೆಕ್ಕ. ಪೇಟೆಯಲ್ಲಿ ಆರಿಸುವಾಗ ಸಿಪ್ಪೆ ಉಗುರಿಗೆ ಸುಲಿದು ಬರುವ ಹೊಸ ಬಟಾಟೆ ಬೇಡ, ಅದು ಜಿಗುಟು. ಸಿಪ್ಪೆ ಬಲಿತ ಹಳೆಯದೇ ಒಳ್ಳೆಯದು. ಹಸಿ ಬಟಾಟೆ ಫ್ರಿಜ್ಜಿನಲ್ಲಿ ಇಡುವವರಿದ್ದಾರೆ, ಥಂಡಿಗೆ ಅದರ ಪಿಷ್ಟ ಸಕ್ಕರೆಯಾಗಿ ಪಲ್ಯವೂ ಪರಾಠವೂ ಸಿಹಿಸಿಹಿ ಹೊಡೆಯುತ್ತದೆ.

ಬೆಂದ ಮೇಲೆ ಸುಲಿದು, ತಟ್ಟೆಯಲ್ಲಿ ಹರಡಿ, ಫ್ಯಾನ್ ಕೆಳಗೆ ಪೂರ್ತಿ ಆರಿಸಬೇಕು. ಇಲ್ಲಿ ಗಡಿಬಿಡಿ ಮಾಡುವವರೇ ಹೆಚ್ಚು. ಬಿಸಿ ಬಟಾಟೆಯ ಹಬೆ ಕಣಕದೊಳಗೆ ಸಿಕ್ಕಿಕೊಂಡು ನೀರಾಗುತ್ತದೆ, ಒಳಗಿನಿಂದಲೇ ಕಣಕ ನೆನೆದು ಅಂಟಾಗುತ್ತದೆ. ಭಾಭಿ ರಾತ್ರಿಯೇ ಬೇಯಿಸಿಟ್ಟು ಬೆಳಿಗ್ಗೆ ತುಂಬುತ್ತಿದ್ದರು. ಆರಿದ್ದನ್ನು ಕೈಯಲ್ಲಿ ಕಿವುಚದೆ ತುರಿಮಣೆಯ ಸಣ್ಣ ಕಣ್ಣಿನಲ್ಲಿ ತುರಿಯುತ್ತೇನೆ. ಒಂದೇ ಒಂದು ಗಂಟು ಉಳಿಯುವುದಿಲ್ಲ. ಮಿಕ್ಸಿಗೆ ಮಾತ್ರ ಹಾಕಲೇಬಾರದು, ಗೋಂದಾಗಿಬಿಡುತ್ತದೆ.

ಇದಕ್ಕೆ ತೀರಾ ಸಣ್ಣಗೆ ಹೆಚ್ಚಿದ ಹಸಿಮೆಣಸು, ತುರಿದ ಶುಂಠಿ, ತೊಳೆದು ಒರೆಸಿ ಹೆಚ್ಚಿದ ಕೊತ್ತಂಬರಿ ಸೊಪ್ಪು, ಹುರಿದು ಕುಟ್ಟಿದ ಜೀರಿಗೆ ಮತ್ತು ಕೊತ್ತಂಬರಿ ಬೀಜ, ಅರ್ಧ ಚಮಚ ಓಮ, ಒಂದು ಚಮಚ ಆಮ್ಚೂರ್ (ಒಣ ಮಾವಿನಕಾಯಿ ಪುಡಿ). ಓಮವನ್ನು ಅಂಗೈಯಲ್ಲಿ ತಿಕ್ಕಿ ಹಾಕಿದರೆ ಪರಿಮಳ ಏಳುತ್ತದೆ. ಹುಳಿಗೆ ಲಿಂಬೆರಸ ಹಿಂಡುವವರನ್ನು ಕಂಡಿದ್ದೇನೆ. ನಾನಂತೂ ಹಾಕುವುದಿಲ್ಲ, ಕಷ್ಟಪಟ್ಟು ಒಣಗಿಸಿದ ಹೂರಣಕ್ಕೆ ಮತ್ತೆ ನೀರು ಯಾಕೆ? ಮುರುಗಲು, ಬಿಂಬುಳಿ ಎಂದು ಮನೆಯಂಗಳದ ಹುಳಿಗಳ ಮೇಲೆ ಎಷ್ಟೇ ಪ್ರೀತಿಯಿದ್ದರೂ ಇಲ್ಲಿ ಆಮ್ಚೂರೇ ಸರಿ. ಉಪ್ಪು ಕಟ್ಟಕಡೆಗೆ, ತುಂಬುವ ಹೊತ್ತಿಗೆ. ಮೊದಲೇ ಹಾಕಿಟ್ಟರೆ ಸೊಪ್ಪಿನಿಂದಲೂ ಮೆಣಸಿನಿಂದಲೂ ನೀರು ಬಿಡಿಸುತ್ತದೆ.

ಈರುಳ್ಳಿಯನ್ನು ನಾನು ಹೂರಣಕ್ಕೆ ಸೇರಿಸುವುದಿಲ್ಲ. ಕುಮಟಾದ ಸಿಹಿ ಈರುಳ್ಳಿಯನ್ನಂತೂ ಸೇರಿಸಲೇಬಾರದು. ಬೇಸಿಗೆಯಲ್ಲಿ ಅಳ್ವೆಕೋಡಿ, ಹಂದಿಗೋಣದ ಕಡೆ ಹೆದ್ದಾರಿ ಬದಿಗೆ ಜಡೆ ಹೆಣೆದು ತೂಗುಹಾಕಿರುತ್ತಾರಲ್ಲ, ಆ ಈರುಳ್ಳಿ ಕೊಯ್ದರೆ ರಸ ಸುರಿಯುತ್ತದೆ. ಅದನ್ನು ಹಸಿಯಾಗಿಯೇ ತೆಳ್ಳಗೆ ಕೊಯ್ದು, ಉಪ್ಪು ಉದುರಿಸಿ, ಪರಾಠದ ಪಕ್ಕದಲ್ಲಿ ಇಟ್ಟುಕೊಂಡು ತಿನ್ನಬೇಕು. ಮನೆಯಲ್ಲಿ ಹೂರಣಕ್ಕೆ ಈರುಳ್ಳಿ ಬೇಕೇ ಬೇಕು ಎಂದು ಹಟ ಹಿಡಿದರೆ ನಮ್ಮ ಸಾದಾ ಕೆಂಪು ಈರುಳ್ಳಿ ಹೆಚ್ಚಿ, ಉಪ್ಪು ತಿಕ್ಕಿ, ಹತ್ತು ನಿಮಿಷ ಬಿಟ್ಟು ಗಟ್ಟಿಯಾಗಿ ಹಿಂಡಿ ಹಾಕಿ. ಮೂಲಂಗಿ ಪರಾಠಕ್ಕೂ ಇದೇ ಉಪಾಯ: ತುರಿದು, ಉಪ್ಪು ಹಾಕಿ, ಹಿಂಡಿ ತೆಗೆದ ನೀರಿನಲ್ಲೇ ಹಿಟ್ಟು ಕಲಸಿದರೆ ರುಚಿಯೂ ಚೆಲ್ಲಿಹೋಗುವುದಿಲ್ಲ. ಆಗ ಹಿಟ್ಟಿಗೆ ಬೇರೆ ಉಪ್ಪು ಬೇಡ.

ನಮ್ಮ ಕಡೆಯ ತರಕಾರಿಯಲ್ಲಿ ಪರಾಠಕ್ಕೆ ಹೇಳಿ ಮಾಡಿಸಿದ್ದು ಬಾಳೆಕಾಯಿ. ತವರಿಂದ ಗೊನೆ ಬಂದಾಗ ಎಲ್ಲವನ್ನೂ ಪಲ್ಯ, ಚಿಪ್ಸ್ ಎಂದು ಮುಗಿಸುವುದು ಕಷ್ಟ. ಸಿಪ್ಪೆಯೊಂದಿಗೇ ಹಬೆಯಲ್ಲಿ ಬೇಯಿಸಿ, ಆರಿಸಿ, ಸುಲಿದು ತುರಿದರೆ ಬಟಾಟೆಗಿಂತ ಒಣಗಲಾದ, ಹಿಡಿತವಿರುವ ಹೂರಣ ಆಗುತ್ತದೆ. ತೀರಾ ಒಣಗಿ ಪುಡಿಪುಡಿಯಾಗುವುದೂ ಉಂಟು, ಆಗ ಒಂದು ಚಮಚ ತುಪ್ಪ ಸೇರಿಸಿ ಮಿದ್ದರೆ ಕೂಡಿಕೊಳ್ಳುತ್ತದೆ. ಇದಕ್ಕೆ ಕಾಳುಮೆಣಸು ಮತ್ತು ಇಂಗು ಹಾಕಿದರೆ ಚೆಂದ, ಗರಂ ಮಸಾಲೆ ಒಗ್ಗುವುದಿಲ್ಲ. ಸುವರ್ಣಗಡ್ಡೆಯನ್ನು ಹುಣಸೆ ನೀರಲ್ಲಿ ಬೇಯಿಸಿದರೂ ಕೆಲವೊಮ್ಮೆ ನಾಲಿಗೆ ತುರಿಸುತ್ತದೆ, ಮಕ್ಕಳಿರುವ ಮನೆಗೆ ಬೇಡ. ಎಳೆ ಹಲಸಿನ ಗುಜ್ಜೆ ರುಚಿಯೇನೋ ಹೌದು. ಅದರ ನಾರು ಕಣಕ ಸೀಳಿ ಹೊರಗೆ ಇಣುಕುತ್ತದೆ. ಅದನ್ನು ಪಲ್ಯಕ್ಕೇ ಬಿಟ್ಟಿದ್ದೇನೆ.

ಇನ್ನು ತುಂಬುವುದು. ಕಣಕದ್ದೊಂದು ಉಂಡೆ 60 ಗ್ರಾಂ ಬಂದರೆ ಹೂರಣದ ಉಂಡೆಯೂ ಅಷ್ಟೇ, ಕೈ ಪಳಗಿದ ಮೇಲೆ ಸ್ವಲ್ಪ ಜಾಸ್ತಿಯೂ ಆದೀತು. ಎರಡೂ ಉಂಡೆಗಳನ್ನು ಒಂದೊಂದು ಕೈಯಲ್ಲಿ ಹಿಡಿದು ಬೆರಳಿನಿಂದ ಒತ್ತಿ ನೋಡುತ್ತೇನೆ. ಎರಡೂ ಒಂದೇ ಮೆತ್ತಗಿರಬೇಕು. ಹೂರಣ ಗಟ್ಟಿ, ಕಣಕ ಮೆತ್ತಗೆ ಆದರೆ ಲಟ್ಟಿಸುವಾಗ ಕಣಕ ಮಾತ್ರ ಅಂಚಿಗೆ ಸರಿದು ಹೂರಣ ನಡುವೆ ಗುಪ್ಪೆಯಾಗಿ ಕೂರುತ್ತದೆ. ಹೂರಣವೇ ಮೆತ್ತಗಿದ್ದರೆ ಅದು ಓಡಿ ಅಂಚನ್ನು ಒಡೆಯುತ್ತದೆ. ಈ ಒಂದು ಪರೀಕ್ಷೆ ಕಲಿತರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ.

ಕಣಕದ ಉಂಡೆಯನ್ನು ಬೆರಳಲ್ಲೇ ಬಟ್ಟಲು ಮಾಡಿಕೊಳ್ಳಬೇಕು. ನಡು ದಪ್ಪ, ಅಂಚು ತೆಳು. ಯಾಕೆಂದರೆ ಅಂಚುಗಳೆಲ್ಲ ಮೇಲೆ ಬಂದು ಒಂದೇ ಕಡೆ ಸೇರುತ್ತವೆ, ಅಂಚೂ ದಪ್ಪವಿದ್ದರೆ ಅಲ್ಲೊಂದು ಹಿಟ್ಟಿನ ಗಡ್ಡೆ ಉಳಿಯುತ್ತದೆ. ಹೂರಣ ಇಟ್ಟು, ಎಡಗೈ ಹೆಬ್ಬೆರಳಿನಿಂದ ಅದನ್ನು ಕೆಳಕ್ಕೆ ಒತ್ತುತ್ತ, ಬಲಗೈಯಲ್ಲಿ ಬಟ್ಟಲನ್ನು ತಿರುಗಿಸುತ್ತ, ಅಂಚನ್ನು ಮೇಲಕ್ಕೆ ಏರಿಸುತ್ತ ಬರಬೇಕು. ಬಾಯಿ ಮುಚ್ಚುವ ಮೊದಲು ಒಳಗಿನ ಗಾಳಿ ಹೊರಗೆ ಹೋಗುವಂತೆ ಒಮ್ಮೆ ಅಮುಕಬೇಕು. ಆಮೇಲೆ ಅಂಚನ್ನೆಲ್ಲ ಸೇರಿಸಿ ತಿರುಚಿದರೆ ಮೇಲೆ ಸಣ್ಣ ಜುಟ್ಟು ನಿಲ್ಲುತ್ತದೆ. ಆ ಜುಟ್ಟನ್ನು ಚಿವುಟಿ ತೆಗೆದುಬಿಡಿ, ಮಡಚಿ ಒಳಗೆ ಸೇರಿಸಬೇಡಿ. ಬೇಯದೆ ಉಳಿದು ಹಲ್ಲಿಗೆ ಸಿಗುವುದು ಅದೇ.

ಚಿವುಟಿದ ಬದಿ ಕೆಳಗೆ ಮಾಡಿ, ಒಣಹಿಟ್ಟು ಸವರಿ, ಐದು ನಿಮಿಷ ಬಿಟ್ಟರೆ ಕಣಕ ಸುಧಾರಿಸಿಕೊಳ್ಳುತ್ತದೆ. ಮುಂದಿನದನ್ನು ತುಂಬುವಷ್ಟರಲ್ಲಿ ಆ ಹೊತ್ತು ಕಳೆದೇಹೋಗುತ್ತದೆ ಅನ್ನಿ. ಲಟ್ಟಣಿಗೆ ಹಿಡಿಯುವ ಮೊದಲು ಬೆರಳ ತುದಿಗಳಿಂದ ನಡುವಿನಿಂದ ಹೊರಕ್ಕೆ ಮೆಲ್ಲಗೆ ಒತ್ತುತ್ತ ಅಂಗೈ ಅಗಲ ಮಾಡಿಕೊಳ್ಳಿ. ಹೂರಣ ಅಂಚಿನವರೆಗೆ ಹೋಗುವುದು ಆಗಲೇ. ಭಾಭಿ ಲಟ್ಟಿಸುವುದಕ್ಕಿಂತ ಹೆಚ್ಚು ಹೊತ್ತು ಇದಕ್ಕೇ ಕೊಡುತ್ತಿದ್ದರು. ಆಮೇಲೆ ಲಟ್ಟಣಿಗೆಯ ಭಾರವಷ್ಟೇ ಬೀಳುವಂತೆ ಅಂಚಿನ ಕಡೆಗೆ ಲಟ್ಟಿಸುತ್ತ, ಪ್ರತಿ ಸಲ ಸ್ವಲ್ಪ ತಿರುಗಿಸುತ್ತ ಹೋಗಬೇಕು. ಕಣಕದ ಒಳಗಿನಿಂದ ಕೊತ್ತಂಬರಿ ಸೊಪ್ಪಿನ ಹಸಿರು ಮಸುಕಾಗಿ ಕಾಣತೊಡಗಿದರೆ ನಿಲ್ಲಿಸಿಬಿಡಿ. ಎಲ್ಲಾದರೂ ಸಣ್ಣ ತೂತು ಬಿದ್ದರೆ ಒಣಹಿಟ್ಟು ಒತ್ತಿ ಮುಚ್ಚಿದರಾಯಿತು.

ಆಯಿ (ನನ್ನ ಅಮ್ಮ) ಮೊದಲ ಸಲ ಇದನ್ನು ನೋಡಿದಾಗ, 'ಎಂತದೇ ಇದು, ಖಾರದ ಹೋಳಿಗೆ ಮಾಡ್ಕ್ಯಂಡು ಕೂತಿದ್ಯಲೇ' ಎಂದು ನಕ್ಕಿದ್ದಳು. ಲಟ್ಟಣಿಗೆ ಪಕ್ಕಕ್ಕಿಟ್ಟು, ಬಾಳೆ ಎಲೆಗೆ ಎಣ್ಣೆ ಸವರಿ, ಹೋಳಿಗೆಯಂತೆ ಕೈಯಲ್ಲೇ ತಟ್ಟಿ ಕಾವಲಿಗೆ ಮಗುಚಿ ಹಾಕಿದಳು. ಬಂತು, ಒಡೆಯಲೂ ಇಲ್ಲ. ಆದರೆ ಎಣ್ಣೆ ಜಾಸ್ತಿ ಹಿಡಿಯುತ್ತದೆ, ಒಣಗಲು ಬೇಯಿಸುವ ಮೊದಲ ಹಂತ ತಪ್ಪಿಹೋಗುತ್ತದೆ. ಲಟ್ಟಿಸಲು ಹೆದರುವವರಿಗೆ ಇದು ಒಳ್ಳೆಯ ದಾರಿ, ನನಗೆ ಲಟ್ಟಿಸಿದ್ದೇ ಇಷ್ಟ.

ಆ ಮೊದಲ ಹಂತ ಯಾಕೆ ಬೇಕು ಎಂದರೆ, ಬೀಡಿನ ಕಾವಲಿ ಚೆನ್ನಾಗಿ ಕಾದ ಮೇಲೆ ಪರಾಠವನ್ನು ಎಣ್ಣೆಯಿಲ್ಲದೆ ಹಾಕಿದಾಗ ಮೇಲ್ಮೈ ಒಣಗಿ ಗಟ್ಟಿಯಾಗುತ್ತದೆ. ಬಣ್ಣ ಬಿಳುಚಿ, ಸಣ್ಣ ಗುಳ್ಳೆ ಎದ್ದಾಗ ಮಗುಚಬೇಕು. ಈ ಬದಿಗೆ ಕಂದು ಚುಕ್ಕೆ ಬರುತ್ತಿದ್ದಂತೆ ಮೇಲೆ ತುಪ್ಪ ಸವರಿ ಮತ್ತೆ ಮಗುಚಿ, ಈಗ ಆ ಬದಿಗೂ ತುಪ್ಪ. ಸೌಟಿನ ಹಿಂಬದಿಯಿಂದ ಅಂಚನ್ನು ಒತ್ತುತ್ತ ಹೋದರೆ ಅಂಚು ಹಸಿ ಉಳಿಯುವುದಿಲ್ಲ. ಉರಿ ಮಧ್ಯಮಕ್ಕಿಂತ ತುಸು ಮೇಲೆಯೇ ಇರಲಿ. ಸಣ್ಣ ಉರಿಯಲ್ಲಿ ತುಂಬ ಹೊತ್ತು ಇಟ್ಟರೆ ಪಸೆಯೆಲ್ಲ ಆರಿ, ತಣಿದ ಮೇಲೆ ಹಪ್ಪಳವಾಗುತ್ತದೆ. ದಿಲ್ಲಿಯ ಚಾಂದನಿ ಚೌಕದ ಪರಾಠೆವಾಲಿ ಗಲ್ಲಿಯಲ್ಲಿ ಬಾಣಲೆಯ ತುಪ್ಪದಲ್ಲಿ ಕರಿದೇ ಕೊಡುತ್ತಾರೆ, ಹರಿಯಾಣದ ಮುರ್ಥಲ್ ಢಾಬಾಗಳಲ್ಲಿ ತಂದೂರಿನಲ್ಲಿ ಸುಟ್ಟು ಮೇಲೆ ಬೆಣ್ಣೆಯ ಮುದ್ದೆ ಇಡುತ್ತಾರೆ. ಮುರ್ಥಲ್ ಎಂದರೆ ಭಾಭಿಗೆ ಕಣ್ಣು ಅರಳುತ್ತಿತ್ತು, ಕರಿದದ್ದನ್ನು ಮಾತ್ರ ಅವರು ಪರಾಠ ಎಂದು ಒಪ್ಪುತ್ತಲೇ ಇರಲಿಲ್ಲ.

ನಂಚಿಕೊಳ್ಳಲು ಗಟ್ಟಿ ಮೊಸರು, ಅಪ್ಪೆಮಿಡಿ ಉಪ್ಪಿನಕಾಯಿ. ಪಂಜಾಬಿನ ಸಾಸಿವೆ ಎಣ್ಣೆಯ ಉಪ್ಪಿನಕಾಯಿಗಿಂತ ನಮ್ಮ ಮಿಡಿಯೇ ಇದಕ್ಕೆ ಹೊಂದುತ್ತದೆ ಎಂಬುದು ನನ್ನ ಪಕ್ಷಪಾತ, ಆದರೆ ವರ್ಗವಾಗಿ ಹೋಗುವಾಗ ಭಾಭಿಯೂ ಒಂದು ಭರಣಿ ಕಟ್ಟಿಸಿಕೊಂಡು ಹೋದರು. ತಂಬುಳಿ ಮಾತ್ರ ಇದಕ್ಕೆ ಕೂಡುವುದಿಲ್ಲ, ತೀರಾ ತೆಳು. ಮಗ ಜೋನಿ ಬೆಲ್ಲದಲ್ಲಿ ಅದ್ದಿ ತಿನ್ನುತ್ತಾನೆ, ಬೇಡವೆಂದರೂ ಕೇಳುವುದಿಲ್ಲ.

ಶಾಲೆಯ ಡಬ್ಬಿಗೆ ಹಾಕುವುದಾದರೆ ಬಿಸಿಯಿರುವಾಗಲೇ ಮುಚ್ಚಳ ಬಿಗಿಯಬೇಡಿ. ಬುಟ್ಟಿಯಲ್ಲೋ ಜಾಲರಿಯ ಮೇಲೋ ಎರಡು ನಿಮಿಷ ಇಟ್ಟು, ಹತ್ತಿ ಬಟ್ಟೆಯಲ್ಲಿ ಸುತ್ತಿ ಹಾಕಿದರೆ ಮಧ್ಯಾಹ್ನದವರೆಗೂ ಮೆತ್ತಗಿರುತ್ತದೆ, ಬೆವರುವುದಿಲ್ಲ. ಮಳೆಗಾಲವಲ್ಲದ ಸೆಕೆಯ ದಿನಗಳಲ್ಲಿ ಬಟಾಟೆ ಬೇಗ ಹಳಸುವುದರಿಂದ ಸಂಜೆಯವರೆಗೆ ಇಡುವ ಪ್ರಯಾಣಕ್ಕೆ ನಾನು ಬರಿಯ ಓಮ, ಉಪ್ಪು, ತುಪ್ಪ ಸವರಿ ಮಡಚಿ ಲಟ್ಟಿಸಿದ ಸಾದಾ ಪರಾಠವನ್ನೇ ಕಟ್ಟಿಕೊಡುತ್ತೇನೆ. ಹೂರಣ ಉಳಿದರೆ ಒಂದು ಹಿಡಿ ಅಕ್ಕಿಹಿಟ್ಟು ಸೇರಿಸಿ, ಚಪ್ಪಟೆ ತಟ್ಟಿ, ಅದೇ ಕಾವಲಿಯಲ್ಲಿ ಎಣ್ಣೆ ಬಿಟ್ಟು ಕೆಂಪಗೆ ಬೇಯಿಸಿದರೆ ಚಹಾದ ಜೊತೆಗಾಯಿತು. ಕಣಕ ಉಳಿದರೆ ಎಣ್ಣೆ ಸವರಿ ಫ್ರಿಜ್ಜಿನಲ್ಲಿಡಬಹುದು, ಮರುದಿನ ಕಪ್ಪು ತಿರುಗುವ ಮೊದಲು ಚಪಾತಿ ಮಾಡಿ ಮುಗಿಸಿ.