ಹಳೆ ಸೈಕಲ್ಲಿಗೆ ಮೀಸೆ ಹ್ಯಾಂಡಲ್ ಹಾಕುವ ಮುಂಚೆ

ಹಳೆ ಸೈಕಲ್ಲಿಗೆ ಬೇರೆ ಆಕಾರದ ಹ್ಯಾಂಡಲ್ ಬೇಕು ಅಂತ ನನ್ನ ಹತ್ತಿರ ಬರುವವರು ಮೊದಲು ಮೊಬೈಲಲ್ಲಿ ಫೋಟೋ ತೋರಿಸುತ್ತಾರೆ. ನಾನು ಮೊದಲು ಬ್ರೇಕ್ ನೋಡುತ್ತೇನೆ.

ನಿಮ್ಮದು 28 ಇಂಚಿನ ಕಪ್ಪು ಹೀರೋ ಅಥವಾ ಅಟ್ಲಾಸ್, ರಾಡ್ ಬ್ರೇಕಿನದ್ದು ಅಂದುಕೊಳ್ಳಿ. ಅದರ ಬ್ರೇಕ್ ಹಿಡಿ ಹ್ಯಾಂಡಲ್ಲಿಗೇ ಸೇರಿಕೊಂಡಿರುತ್ತದೆ. ಹ್ಯಾಂಡಲ್ ತೆಗೆದರೆ ಬ್ರೇಕೂ ಹೋಯಿತು. ಕೇಬಲ್ ಬ್ರೇಕ್ ಹಾಕಿದರಾಯ್ತು ಅಂತೀರಾ? ರಾಡ್ ಬ್ರೇಕಿನ ರಬ್ಬರ್ ಒತ್ತುವುದು ರಿಮ್ಮಿನ ಒಳಮೈಗೆ, ಕಡ್ಡಿಗಳು ಇರುವ ಕಡೆ. ಆ ರಿಮ್ಮಿನ ಪಕ್ಕಗಳು ಗುಂಡಗಿರುತ್ತವೆ, ಎರಡೂ ಪಕ್ಕದಿಂದ ಅಮುಕುವ ಕೇಬಲ್ಲಿನ ಕ್ಯಾಲಿಪರ್ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಅಂದರೆ ರಿಮ್ಮೂ ಬದಲಾಗಬೇಕು. ಒಂದು ಹ್ಯಾಂಡಲ್ಲಿಗೆ ಇಷ್ಟೆಲ್ಲ ಯಾಕೆ, ಅಲ್ವಾ? ಆ ಸೈಕಲ್ಲನ್ನು ಹಾಗೇ ಬಿಡಿ, ಅದರ ಹ್ಯಾಂಡಲ್ಲೇ ಚೆಂದ. ಕೇಬಲ್ ಬ್ರೇಕಿನ ಹಳೆ ಸ್ಪೋರ್ಟ್ಸ್ ಮಾಡೆಲ್ ಇದ್ದರೆ ಮುಂದೆ ಓದಿ.

ಮಂಗ ಕೊಂಬೆಗೆ ಜೋತುಬಿದ್ದ ಹಾಗೆ ಕೈ ಮೇಲೆತ್ತಿ ಹಿಡಿಯುವ ಎತ್ತರದ 'ಏಪ್ ಹ್ಯಾಂಗರ್' ಹ್ಯಾಂಡಲ್ ಕೇಳುವವರೂ ಇದ್ದಾರೆ. 1963ರ ಶ್ವಿನ್ ಸ್ಟಿಂಗ್-ರೇಯಲ್ಲಿ, ಆಮೇಲೆ ರಾಲೀ ಚಾಪರಿನಲ್ಲಿ ಬಂದದ್ದು. ಅವು ಚಿಕ್ಕ ಚಕ್ರದ, ಮಕ್ಕಳ ಸೈಕಲ್ಲುಗಳು. ದೊಡ್ಡ ಸೈಕಲ್ಲಿಗೆ ನಾನು ಹಾಕಿಕೊಡುವುದಿಲ್ಲ.

ನನಗೆ ಇಷ್ಟವಾದದ್ದು ಹುರಿ ಮೀಸೆಯ ಆಕಾರದ ಮೀಸೆ ಹ್ಯಾಂಡಲ್. 1990ರ ದಶಕದ ಆರಂಭದಲ್ಲಿ ಬ್ರಿಡ್ಜ್‌ಸ್ಟೋನ್ ಎಕ್ಸ್‌ಓ-1 ಸೈಕಲ್ಲಿನಿಂದ ಹೆಸರಾಯಿತು. ಮುಂದಕ್ಕೆ ಬಾಗಿ, ಅಗಲವಾಗಿ ಹಿಂದಕ್ಕೆ ಬರುತ್ತದೆ. ಕೈ ಇಡಲು ಮೂರ್ನಾಲ್ಕು ಜಾಗ ಸಿಗುತ್ತದೆ.

ಕೊಳ್ಳುವ ಮುಂಚೆ ವರ್ನಿಯರ್ ಅಳತೆಗೋಲು ಹಿಡಿದು ಎರಡು ಅಳತೆ ನೋಡಿ. ಸ್ಟೆಮ್ (ಹ್ಯಾಂಡಲ್ಲನ್ನು ಸೈಕಲ್ಲಿಗೆ ಜೋಡಿಸುವ ಕುತ್ತಿಗೆ) ಹಿಡಿಯುವ ನಡುಭಾಗ ಸಾಮಾನ್ಯವಾಗಿ 25.4 ಮಿ.ಮೀ., ಕೆಲವು ಇಟಾಲಿಯನ್ ಮಾದರಿಯವು 26. ಸ್ಟೆಮ್ಮಿನ ಅಳತೆಯೂ ಅದೇ ಇರಬೇಕು. ಸಡಿಲಾದರೆ ಕ್ಯಾನಿನ ತಗಡು ತುರುಕುತ್ತೇನೆ ಅಂತ ಯಾರಾದರೂ ಅಂದರೆ ಬೇಡ ಅನ್ನಿ. ಇನ್ನೊಂದು, ಬ್ರೇಕ್ ಹಿಡಿ ಕೂರುವ ಜಾಗ. ಮೀಸೆ ಹ್ಯಾಂಡಲ್ಲಿನಲ್ಲಿ ಅದು ಹೆಚ್ಚಾಗಿ 23.8. ರೇಸ್ ಸೈಕಲ್ಲಿನ ಬ್ರೇಕ್ ಹಿಡಿಯೇ ಬೇಕು. ಸಾದಾ ಹ್ಯಾಂಡಲ್ಲಿನದು 22.2ಕ್ಕೆ ಮಾಡಿದ್ದು, ಹತ್ತುವುದಿಲ್ಲ.

ಹಳೆಯದನ್ನು ಬಿಚ್ಚುವುದೇ ನಿಜವಾದ ಕೆಲಸ. ಸ್ಟೆಮ್ಮಿನ ನೆತ್ತಿಯ ಬೋಲ್ಟನ್ನು ಮೂರ್ನಾಲ್ಕು ಸುತ್ತು ಸಡಿಲಿಸಿ, ಪೂರ್ತಿ ಬಿಚ್ಚಬೇಡಿ. ಬೋಲ್ಟ್ ಅಷ್ಟು ಮೇಲೆದ್ದು ನಿಲ್ಲುತ್ತದೆ. ಅದರ ಮೇಲೆ ಮರದ ತುಂಡು ಇಟ್ಟು ಸುತ್ತಿಗೆಯಿಂದ ಒಂದೇಟು. 'ಟಕ್' ಅಂತ ಕೆಳಗಿಳಿದರೆ ಸ್ಟೆಮ್ಮನ್ನು ಒಳಗೆ ಬಿಗಿಹಿಡಿದ ಬೆಣೆ ಬಿಟ್ಟಿತು ಅಂತ ಅರ್ಥ. ಆಗ ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲ್ ಆ ಕಡೆ ಈ ಕಡೆ ತಿರುಗಿಸುತ್ತಾ ಎಳೆಯಿರಿ. ತುಕ್ಕು ಹಿಡಿದಿದ್ದರೆ ಎಣ್ಣೆ ಬಿಟ್ಟು ರಾತ್ರಿಯಿಡೀ ಸುಮ್ನೆ ಬಿಡಿ.

ಹೊಸ ಹ್ಯಾಂಡಲ್ಲನ್ನು ಒಂದೇ ಬೋಲ್ಟಿನ ಸ್ಟೆಮ್ಮಿನೊಳಗೆ ಒಂದು ತುದಿಯಿಂದ ಹಾವಿನ ಹಾಗೆ ಹೊರಳಿಸಿ ತೂರಿಸಬೇಕು. ಆದ್ದರಿಂದ ಹ್ಯಾಂಡಲ್ಲಿಗೆ ಸುತ್ತುವ ಟೇಪು, ಬ್ರೇಕ್ ಹಿಡಿ ಎಲ್ಲ ಆಮೇಲೆ. ಒಳಗಿಳಿಯುವ ಸ್ಟೆಮ್ ಕಾಲಿಗೆ ಗ್ರೀಸ್ ಹಚ್ಚಿ, ಕನಿಷ್ಠ ಇಷ್ಟು ಒಳಗಿರಬೇಕು ಅನ್ನುವ ಅದರ ಮೇಲಿನ ಗುರುತು ಮುಳುಗುವಷ್ಟು ಇಳಿಸಿ. ತುದಿಗಳು ತುಸು ಕೆಳಗೆ ಬಾಗಿರಲಿ, ಸಪಾಟಾಗಿಟ್ಟರೆ ಮಣಿಕಟ್ಟು ನೋಯುತ್ತದೆ. ಮೀಸೆ ಮುಂದಕ್ಕೆ ಚಾಚುವುದರಿಂದ ಗಿಡ್ಡ, ಎತ್ತರದ ಸ್ಟೆಮ್ ಒಳ್ಳೆಯದು.

ಬಿಗಿ ಮಾಡಿದ ಮೇಲೆ ಎರಡೂ ತುದಿಗೆ ಮೈಭಾರ ಹಾಕಿ ಒತ್ತಿ. ಕೂದಲೆಳೆಯಷ್ಟು ತಿರುಗಿದರೂ ಮತ್ತೆ ಬಿಗಿಮಾಡಿ. ಆಮೇಲೆ ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಬ್ರೇಕ್ ಕೇಬಲ್ ಎಳೆದುಕೊಳ್ಳುತ್ತಾ ನೋಡಿ. ಎಳೆದರೆ ಉದ್ದದ ಕೇಬಲ್ ಹಾಕಿಸಿ, ಟೇಪು ಸುತ್ತುವುದು ಅದಾದ ಮೇಲೆ.