ಜಂಟಿ ಜಾಗದಲ್ಲಿ ಮನೆ: ಪಂಚಾಂಗಕ್ಕೆ ಮುಂಚೆ ಪಾಲು

ನಮ್ಮ ಕುಮಟಾ, ಶಿರಸಿ ಕಡೆ ಹಿರಿಯರ ಜಾಗದಲ್ಲಿ ಮನೆ ಕಟ್ಟುವವರು ಮೊದಲು ಚಿರೇಕಲ್ಲಿಗೆ ಅಡ್ವಾನ್ಸ್ ಕೊಡುತ್ತಾರೆ, ಆಮೇಲೆ ಕಾಗದ ಹುಡುಕುತ್ತಾರೆ. ಪಂಚಾಂಗ, ಅಂದರೆ ಮನೆಯ ತಳಪಾಯ, ಮುಗಿಯುವಷ್ಟರಲ್ಲಿ ತಮ್ಮನ ವಕೀಲರ ನೋಟಿಸ್ ಬಂದಿರುತ್ತದೆ.

ಮೊದಲು ಪಹಣಿ ತೆಗೆಸಿ. ನಾಡಕಚೇರಿಯಲ್ಲಿ ಸಿಗುತ್ತದೆ.

ಎರಡನೆಯದು, ಯಾರ್‍ಯಾರ ಸಹಿ ಬೇಕು ಎಂಬ ಪಟ್ಟಿ. ಎಡವುವುದೇ ಇಲ್ಲಿ. ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರಷ್ಟೇ ಇದೆ ಎಂದು ಅವರಿಂದ ಮಾತ್ರ ಸಹಿ ಹಾಕಿಸುತ್ತಾರೆ. ಹೆಸರಿಲ್ಲ ಅಂದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಮದುವೆಯಾಗಿ ಮುಂಬೈಗೆ ಹೋದ ಅಕ್ಕನಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಉಂಟು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಹೇಳುವುದು ಅದನ್ನೇ. ಆಗ ಅಪ್ಪ ಬದುಕಿರಬೇಕಿತ್ತು ಎಂಬ ವಾದವನ್ನೂ ಸುಪ್ರೀಂ ಕೋರ್ಟ್ 2020ರಲ್ಲಿ ತಳ್ಳಿಹಾಕಿದೆ. ತೀರಿಹೋದ ಅಣ್ಣನ ಹೆಂಡತಿ, ಮಕ್ಕಳೂ ಪಟ್ಟಿಗೆ ಬರಬೇಕು. "ಅತ್ತಿಗೆ ಏನೂ ಹೇಳೂದಿಲ್ಲ ಮಾರಾಯ್ರೆ" ಎಂಬ ಭರವಸೆ ಕೋರ್ಟಿನಲ್ಲಿ ನಡೆಯುವುದಿಲ್ಲ. ಹದಿನೆಂಟು ತುಂಬದ ಮಕ್ಕಳಿದ್ದರೆ ವಕೀಲರನ್ನು ಕೇಳದೆ ಮುಂದೆ ಹೋಗಲೇಬೇಡಿ.

ಪಾಲು ಬೇಡ ಅನ್ನುವವರಿಂದ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಸಿಕೊಳ್ಳಿ. ಜೆರಾಕ್ಸ್ ಅಂಗಡಿಯ ರೆಡಿಮೇಡ್ ಒಪ್ಪಿಗೆ ಪತ್ರ ನಂಬಬೇಡಿ. ಅದರಿಂದ ಜಾಗ ಪಾಲಾಗುವುದಿಲ್ಲ. ಪಾಲಾಗುವ ತನಕ ಪ್ರತಿ ಗುಂಟೆಯಲ್ಲೂ ಎಲ್ಲರಿಗೂ ಹಕ್ಕಿರುತ್ತದೆ, ನೀವು ಕಟ್ಟಿದ ಜಗುಲಿಯ ಕೆಳಗೂ.

ಮೂರು, ಸರ್ವೆ. 11ಇ ನಕ್ಷೆಗೆ, ಅಂದರೆ ಪಾಲುಗಳನ್ನು ಅಳೆದು ತೋರಿಸುವ ಸರ್ವೆ ನಕ್ಷೆಗೆ, ಅರ್ಜಿ ಹಾಕಿ. ಅಳೆಯುವ ದಿನ ಪಾಲುದಾರರೆಲ್ಲ ಜಾಗದಲ್ಲೇ ಇರಲಿ. ಬಾವಿ ಯಾರ ಪಾಲಿಗೆ, ಹಿಂದಿನ ಪಾಲಿಗೆ ಗಾಡಿ ಹೋಗುವ ದಾರಿ ಎಷ್ಟು ಅಡಿ, ಮಳೆನೀರು ಎತ್ತ ಹರಿಯಬೇಕು, ಎಲ್ಲ ಅಲ್ಲೇ ಮಾತಾಡಿ ವಿಭಾಗ ಪತ್ರದಲ್ಲಿ ಬರೆಸಿ. ಪಾಲಾದ ಮೇಲೂ ಜಗಳ ಜಾಸ್ತಿ ಆಗುವುದು ದಾರಿಗೇ ಅಲ್ವಾ? ಪತ್ರ ನೋಂದಣಿ ಆಗಲೇಬೇಕು.

ಆಮೇಲೆ ಖಾತೆ ಬದಲಾವಣೆ, ಭೂಪರಿವರ್ತನೆ, ಪಂಚಾಯತಿ ಲೈಸೆನ್ಸ್. ಕಡಲಂಚಿನಲ್ಲಾದರೆ ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝಡ್ ನಿಯಮವನ್ನೂ ನೋಡಿ. ಘಟ್ಟದ ಮೇಲೆ ಸೊಪ್ಪಿನ ಬೆಟ್ಟದಲ್ಲಿ ಕಟ್ಟುವ ಯೋಚನೆ ಬೇಡವೇ ಬೇಡ. ತೋಟಕ್ಕೆ ಸೊಪ್ಪು ತರಲೆಂದು ಕೊಟ್ಟ ಸವಲತ್ತು ಅದು.

ನೀವು ಆಚೆ ಕಡೆಯವರೋ, ಅಂದರೆ ಕಟ್ಟುವವರಲ್ಲದ ಪಾಲುದಾರರೋ? ಸ್ಲ್ಯಾಬ್ ಬೀಳುವ ತನಕ ಸುಮ್ನೆ ಕೂರಬೇಡಿ. ಪಂಚಾಯತಿಗೆ ತಕರಾರು ಅರ್ಜಿ ಕೊಡಿ, ಪಾಲಿನ ದಾವೆಯ ಜತೆಗೇ ತಾತ್ಕಾಲಿಕ ತಡೆಯಾಜ್ಞೆ ಕೇಳಿ. ತಡವಾದಷ್ಟೂ "ಕಣ್ಣೆದುರೇ ಕಟ್ಟುವಾಗ ಯಾಕೆ ಕೇಳಲಿಲ್ಲ?" ಎಂಬ ಪ್ರಶ್ನೆ ಗಟ್ಟಿಯಾಗುತ್ತದೆ. ಕಟ್ಟುವವರಿಗೆ ದಾವೆಯ ಅನುಮಾನ ಇದ್ದರೆ ಮೊದಲೇ ಕೋರ್ಟಿನಲ್ಲಿ ಕೇವಿಯಟ್ (ನಮ್ಮ ಮಾತು ಕೇಳದೆ ತಡೆಯಾಜ್ಞೆ ಕೊಡಬೇಡಿ ಎಂಬ ಅರ್ಜಿ) ಹಾಕಿಡಲಿ. ಅದರ ಆಯುಷ್ಯ 90 ದಿನ ಮಾತ್ರ. ಮುಗಿಯುವ ತಾರೀಕನ್ನು ಅವರೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಲಿ.